ಒಂಬತ್ತನೇ ನಿಲುಗಡೆಯ ಬಿಳಿ ಪುಟ

ಜೋಯಿಡಾ ತಾಲೂಕು
೧೮ ಜನವರಿ ೨೦೨೫

ಶ್ರೀ ಬಾಬಾಜಾನ ಅವರಿಗೆ,
ಪುಟ ಕಂಪ್ಯೂಟರ್ಸ್, ದಾಂಡೇಲಿ

ಮಾನ್ಯರೆ,

ಇದನ್ನು ದೂರು ಎಂದು ತಿಳಿದುಕೊಳ್ಳಬೇಕು.

ಕಿಡ್ನಿ ಕೈಕೊಟ್ಟವರನ್ನು ಹಳ್ಳಿಗಳಿಂದ ದಾಂಡೇಲಿಯ ಆಸ್ಪತ್ರೆಗೆ ಡಯಾಲಿಸಿಸ್‌ಗೆಂದು ಕರೆದೊಯ್ಯುವ ಟ್ರಸ್ಟಿನ ಜೀಪು ನಿಮಗೆ ಗೊತ್ತು. ಅದರಲ್ಲಿ ಸೀಟು ಹಿಡಿಯುವ ವೆಬ್ ಪುಟವನ್ನು ನಿಮ್ಮ ಅಂಗಡಿಯವರು ಜನವರಿ ಒಂದರಿಂದ ಹೊಸದು ಮಾಡಿದ್ದೀರಿ. ಆ ಹೊಸದು ನಮ್ಮ ಊರಿನಲ್ಲಿ ತೆರೆಯುವುದಿಲ್ಲ. ಪರದೆ ಬೆಳ್ಳಗಾಗುತ್ತದೆ, ಬೆಳ್ಳಗೇ ಉಳಿಯುತ್ತದೆ. ನಮ್ಮದು ಒಂಬತ್ತನೇ ನಿಲುಗಡೆ.

ಹಿಂದಿನ ದಿನ ಸಂಜೆ ನಾಲ್ಕರೊಳಗೆ ಆ ಪುಟದಲ್ಲಿ ‘ಬರ್ತೇನಿ’ ಎಂಬ ಗುಂಡಿ ಒತ್ತದಿದ್ದರೆ ಜೀಪು ನಮ್ಮ ಕ್ರಾಸಿಗೆ ತಿರುಗುವುದಿಲ್ಲ. ಸೀಟು, ಮಷಿನ್ನಿನ ಪಾಳಿ, ಎರಡೂ ಬೇರೆಯವರಿಗೆ ಹೋಗುತ್ತವೆ. ಮೊದಲು ಫೋನಿನಲ್ಲಿ ಹೇಳಿದರೂ ಬರೆದುಕೊಳ್ಳುತ್ತಿದ್ದರು. ಈಗ ಟ್ರಸ್ಟಿನ ಆಫೀಸಿನ ಮಧುಮತಿಯವರನ್ನು ಕೇಳಿದರೆ, “ಪೇಜಿನ್ಯಾಗ ಹೆಸರು ಬರಲಿಲ್ಲಂದ್ರ ನಾ ಏನ್ ಮಾಡ್ಲಿ ರೀ? ಬಾಯಿಮಾತಿಂದು ಬಂದ್ ಮಾಡ್ಯಾರ” ಎನ್ನುತ್ತಾರೆ.

ನನ್ನ ತಾಯಿ ಮಾರ್ಗರೀಟಾ ಅವರಿಗೆ ಮಂಗಳವಾರ, ಶುಕ್ರವಾರ ಡಯಾಲಿಸಿಸ್ ಆಗಲೇಬೇಕು. ಈ ತಿಂಗಳ ಐದು ಪಾಳಿಯಲ್ಲಿ ಎರಡು ತಪ್ಪಿವೆ. ಉಳಿದ ಮೂರಕ್ಕೆ ನೆರೆಯವರ ಬೈಕಿನಲ್ಲಿ ನಡುವೆ ಕೂರಿಸಿ, ಬೀಳದ ಹಾಗೆ ಹಿಂದಿನಿಂದ ನಾನು ಹಿಡಿದುಕೊಂಡು ಹೋದೆವು. ಆಸ್ಪತ್ರೆಯವರು ಕನಿಕರಪಟ್ಟು ಕೊನೆಯ ಪಾಳಿಗೆ ಸೇರಿಸಿಕೊಂಡರು. ಕನಿಕರಕ್ಕೂ ಒಂದು ಮಿತಿ ಇರುತ್ತದೆ.

ದಯವಿಟ್ಟು ಸರಿಪಡಿಸಿ. ಫೋನ್ ಮಾಡಬೇಕಾಗಿಲ್ಲ. ಇಲ್ಲಿ ಊರ ಹಿಂದಿನ ಬಂಡೆ ಹತ್ತಿದರೆ ಮಾತ್ರ ಸಿಗ್ನಲ್ಲು. ಎಂಟನೇ ನಿಲುಗಡೆಯಲ್ಲಿ ಮಾಲವ್ವನ ಚಹಾದಂಗಡಿ ಇದೆ. ಜೀಪಿನ ಡ್ರೈವರ್ ವೀರೇಶನ ಕೈಯಲ್ಲಿ ಅಲ್ಲಿಗೆ ಪತ್ರ ಕಳಿಸಿದರೆ ನನಗೆ ತಲುಪುತ್ತದೆ.

ತಮ್ಮ ವಿಶ್ವಾಸಿ,
ಸ್ಟೆಲ್ಲಾ ಸಿದ್ದಿ


ದಾಂಡೇಲಿ
೨೫ ಜನವರಿ ೨೦೨೫

ಸ್ಟೆಲ್ಲಾ,

‘ಮಾನ್ಯರೆ’ ಎಂದು ಓದಿ ಹಿಂದೆ ತಿರುಗಿ ನೋಡಿದೆ, ಅಂಗಡಿಯೊಳಗೆ ಯಾರಾದರೂ ಮಾನ್ಯರು ಬಂದು ನಿಂತಿದ್ದಾರೇನೋ ಅಂತ. ಹಳಿಯಾಳದ ಕಾಲೇಜಿನಲ್ಲಿ ಮೂರು ವರ್ಷ ಒಂದೇ ನೋಟ್ಸು, ಈ ಅಂಗಡಿಯಲ್ಲಿ ಒಂಬತ್ತು ವರ್ಷ ಒಂದೇ ಮೇಜು, ಆಮೇಲೆ ಎರಡು ವರ್ಷ ಮೌನ, ಈಗ ಮಾನ್ಯ. ಪ್ರಾಸ ಕೂಡಿತು, ಖುಷಿ ಕೂಡಲಿಲ್ಲ.

ನೀನು ಅಂಗಡಿ ಬಿಟ್ಟ ದಿನ ನಾನು ಆಡಿದ ಮಾತು ನಿನಗೆ ನೆನಪಿದೆ, ನನಗೂ ಇದೆ. ಅದನ್ನು ಇಲ್ಲಿ ಇನ್ನೊಮ್ಮೆ ಬರೆಯುವುದಿಲ್ಲ. ನಿನ್ನ ತಾಯಿಗೆ, ನಮ್ಮೆಲ್ಲರ ಆಯಿಗೆ, ಹೀಗಾಗಿದೆ ಎಂದು ಗೊತ್ತಿರಲಿಲ್ಲ. ಗೊತ್ತಿರಬೇಕಾಗಿತ್ತು.

ಇನ್ನು ಪುಟದ ವಿಷಯ. ನೀನು ಕೈಯಾರೆ ಬರೆದಿದ್ದ ಹಳೆಯದನ್ನು ತೆಗೆದು ರಿಯಾಕ್ಟ್ ಎಂಬ ಹೊಸ ಮಾದರಿಯಲ್ಲಿ ಕಟ್ಟಿದ್ದು ನಿಜ. ಟ್ರಸ್ಟಿನ ಅಧ್ಯಕ್ಷರಿಗೆ ಕಾಳಿ ನದಿಯ ವಿಡಿಯೊ ಬೇಕಿತ್ತು, ಜೀಪು ಎಲ್ಲಿದೆ ಎಂದು ತೋರಿಸುವ ನಕ್ಷೆ ಬೇಕಿತ್ತು, ಬಟ್ಟು ತಾಗಿದರೆ ಪುಟಿಯುವ ಗುಂಡಿ ಬೇಕಿತ್ತು. “ನೋಡಿದ ಕೂಡ್ಲೆ ಹುಬ್ಬಳ್ಳಿಯವರೂ ಹುಬ್ಬೇರಿಸಬೇಕ್ರಿ” ಅಂದರು. ಅವರಿಗೂ ನನ್ನ ಪ್ರಾಸದ ರೋಗ ಅಂಟಿದಂತಿದೆ. ಕಟ್ಟಿ ಮುಗಿಸಿ ವೇಗದ ಪರೀಕ್ಷೆಗೆ ಹಾಕಿದೆ. ನೂರಕ್ಕೆ ತೊಂಬತ್ತೇಳು. ಬಿ.ಎ.ಯಲ್ಲಿ ಸೆಕೆಂಡ್ ಕ್ಲಾಸ್ ಬಂದವನ ಬಾಳಿನಲ್ಲಿ ಇದು ಸಣ್ಣ ಅಂಕವಲ್ಲ.

ಹಾಗಂತ ನಿನ್ನ ದೂರನ್ನು ತಳ್ಳಿಹಾಕಲಿಲ್ಲ. ವೀರೇಶನನ್ನು ಕರೆದು, “ಸ್ಟೆಲ್ಲಾನ ಊರಿಗೆ ಹೋಗಿ, ಆ ಬಂಡೆಗಲ್ಲು ಹತ್ತಿ, ನಿನ್ನ ಫೋನಿನ್ಯಾಗ ತಗದು ನೋಡಿ ಬಾರೋ” ಅಂದೆ. ಎಂಟನೇ ನಿಲುಗಡೆಯಿಂದ ಏಳು ಕಿಲೋಮೀಟರು ಒಳಗೆ ಹೋಗಿ, ಹತ್ತಿ, ನೋಡಿ ಬಂದ. “ಬಾಬಾ ಭಾಯ್, ಬಟ್ಟು ಇಟ್ಟ ಕೂಡ್ಲೆ ಟಪ್ಪಂತ ಬಂತು. ಹೊಳಿ ಸೈತ ಹರಿಯಾಕತ್ತಿತ್ತು!”

ಹಾಗಾದರೆ ತಪ್ಪು ಪುಟದ್ದಲ್ಲ. ನಿನ್ನ ಕೈಯಲ್ಲಿರುವುದು ಹಳಿಯಾಳದ ಸಂತೆಯ ಹತ್ತಿರ ನಾವಿಬ್ಬರೂ ಹೋಗಿ ಕೊಂಡ ಅದೇ ಫೋನಲ್ಲವೇ? ಅದಕ್ಕೆ ವಯಸ್ಸಾಯಿತು. ನಮಗೂ ಆಯಿತು, ಆ ಮಾತು ಬೇರೆ. ನನ್ನದೊಂದು ಸ್ವಲ್ಪ ಹೊಸದು ಇದೆ. ಅದನ್ನು ಪೂರ್ತಿ ಖಾಲಿ ಮಾಡಿ ವೀರೇಶನ ಕೈಯಲ್ಲಿ ಕೊಟ್ಟಿದ್ದೇನೆ. ಇಟ್ಟುಕೋ.

ಬಾಬಾಜಾನ


೨ ಫೆಬ್ರವರಿ ೨೦೨೫

ಬಾಬಾಜಾನ ಅವರಿಗೆ,

ಫೋನು ತಲುಪಿತು. ಅದರಲ್ಲೂ ಬಿಳಿ.

ವೀರೇಶನ ಫೋನು ದಿನಾ ಬೆಳಿಗ್ಗೆ ದಾಂಡೇಲಿಯಲ್ಲಿ, ಒಳ್ಳೆಯ ಸಿಗ್ನಲ್ಲಿನಲ್ಲಿ, ಆ ಪುಟವನ್ನು ತೆರೆದಿರುತ್ತದೆ. ಒಮ್ಮೆ ಬಂದ ಕಡತಗಳನ್ನೆಲ್ಲ ಫೋನಿನಲ್ಲೇ ಕೂಡಿಟ್ಟುಕೊಳ್ಳುವ ಏರ್ಪಾಡನ್ನು ನೀವೇ ಮಾಡಿದ್ದೀರಿ. ಆ ಫೋನು ಮನೆಯಲ್ಲಿ ಉಂಡು ಬಂದ ಬೀಗರಿದ್ದ ಹಾಗೆ. ಬೀಗರು ಹಸಿವಿಲ್ಲ ಅಂದ ಮಾತ್ರಕ್ಕೆ ನಮ್ಮ ಮನೆಯಲ್ಲಿ ಅಡುಗೆ ಆಗಿದೆ ಅಂತಲ್ಲ.

ಇದನ್ನು ನಿಮಗೆ ನಾನು ಹೇಳಬೇಕಾಗಿ ಬಂತಲ್ಲ, ಅದಕ್ಕೇ ನನಗೆ ಹೆಚ್ಚು ಸುಸ್ತು. ಒಂಬತ್ತು ವರ್ಷ ಯಾವ ಪುಟವನ್ನು ಪರೀಕ್ಷೆ ಮಾಡುವಾಗಲೂ ನಾವು ಮೊದಲು ಅಳಿಸುತ್ತಿದ್ದದ್ದು ಅದನ್ನೇ.

ಕಳೆದ ಶುಕ್ರವಾರವೂ ತಪ್ಪಿತು. ಆಯಿಯ ಕಾಲುಗಳು ಊದಿಕೊಂಡಿವೆ, ಚಪ್ಪಲಿ ಹಿಡಿಸುವುದಿಲ್ಲ. ಕುಡಿಯುವ ನೀರು ದಿನಕ್ಕೆ ಎರಡೇ ಲೋಟ. ಪಾಳಿ ತಪ್ಪಿದರೆ ಅದರಲ್ಲೂ ಅರ್ಧ ಕಡಿಮೆ. “ಇಷ್ಟು ದೊಡ್ಡ ಹೊಳಿ ಬಾಜೂಕ ಇಟ್ಕೊಂಡು ನನಗ ಎರಡು ವಾಟಗ ನೀರು. ದೇವರು ಭಾಳ ಲೆಕ್ಕದವ” ಎನ್ನುತ್ತಾಳೆ. ಹೇಳಿ ನಗುತ್ತಾಳೆ. ನಾನು ನಗುವುದಿಲ್ಲ.

ಸ್ಟೆಲ್ಲಾ ಸಿದ್ದಿ


ದಾಂಡೇಲಿ
೧೨ ಫೆಬ್ರವರಿ ೨೦೨೫

ಸ್ಟೆಲ್ಲಾ,

ಬೀಗರ ಮಾತು ಓದಿ ತಲೆ ತಗ್ಗಿಸಿ ಕೂತೆ. ವೀರೇಶ ಬಂದು “ಯಾಕ ಭಾಯ್, ಕರೆಂಟ್ ಹೋಗೇತೇನ?” ಎಂದು ಕೇಳಿದ.

ಈ ಹತ್ತು ದಿನ ಕೈಲಾದದ್ದು ಮಾಡಿದ್ದೇನೆ. ಚಿತ್ರಗಳನ್ನು ಹಿಂಡಿ ಹಗುರ ಮಾಡಿದೆ. ದೊಡ್ಡ ಪ್ರೋಗ್ರಾಮ್ ಕೋಡನ್ನು ತುಂಡು ಮಾಡಿ, ಬೇಕಾದಾಗ ಬೇಕಾದಷ್ಟೇ ಬರುವ ಹಾಗೆ ಇಟ್ಟೆ. ಮೂರು ಎಂಬಿ ಇದ್ದದ್ದು ಒಂದು ಎಂಬಿಗೆ ಬಂತು. ನಿನ್ನ ಹಳೆಯ ಪುಟ ಹನ್ನೆರಡು ಕೆಬಿ ಇತ್ತು ಎಂಬುದು ನನಗೆ ನೆನಪಿದೆ. ನೆನಪು ಮಾಡಬೇಡ.

ನಿಜ ಹೇಳಲೇ? ದಣಿದಿದ್ದೇನೆ. ನಾನು ಕನ್ನಡ ಶಾಲೆಯಲ್ಲಿ ಕಲಿತವನು, ಇಂಗ್ಲಿಷ್ ಪುಸ್ತಕ ಅಡ್ಡ ಇಟ್ಟು ಉದ್ದ ಓದಿ ಈ ವಿದ್ಯೆ ಕಲಿತೆ. ಒಂದು ಕಲಿತು ಕೈ ಕೂಡುವಷ್ಟರಲ್ಲಿ ಅದು ಹಳತಾಯಿತು ಅನ್ನುತ್ತಾರೆ. ವರ್ಷಕ್ಕೊಂದು ಫ್ರೇಮ್‌ವರ್ಕು, ತಿಂಗಳಿಗೊಂದು ಹೋಮ್‌ವರ್ಕು. ಮುಂಡಗೋಡಿನ ಒಬ್ಬ ಹೋಮ್‌ಸ್ಟೇಯವರು ಮೊನ್ನೆ ಕೇಳಿದರು, “ನೀವು ಹಳೇ ಮಾದರಿಯವರೋ ಹೊಸಾ ಮಾದರಿಯವರೋ?” ನಲವತ್ತಾರು ವರ್ಷದವನಿಗೆ ಕೇಳುವ ಪ್ರಶ್ನೆಯೇ ಅದು? ಹೊಸಾ ಮಾದರಿ ಅಂದೆ. ಅಂದ ಮೇಲೆ ಕಲಿಯಬೇಕಾಯಿತು.

ವಿಡಿಯೊ, ನಕ್ಷೆ ಎರಡನ್ನೂ ಪೂರ್ತಿ ಕಿತ್ತುಹಾಕಲು ನನ್ನಿಂದ ಆಗಲಿಲ್ಲ. ಮೂರು ತಿಂಗಳು ಕಟ್ಟಿದ್ದನ್ನು ನಾನೇ ಕೆಡವುತ್ತೇನೆಂದು ಅಧ್ಯಕ್ಷರಿಗೆ ಯಾವ ಬಾಯಲ್ಲಿ ಹೇಳಲಿ?

ಒಂದು ವಿಚಿತ್ರ ಕೇಳು. ಪ್ರತಿ ನಿಲುಗಡೆಗೂ ಅದರದೇ ನಂಬರಿನ ಲಿಂಕು ಕೊಟ್ಟಿದ್ದೇವಲ್ಲ. ಯಾವ ನಿಲುಗಡೆಯಿಂದ ಎಷ್ಟು ಜನ ಪುಟಕ್ಕೆ ಬಂದರು ಎಂಬ ಎಣಿಕೆಯನ್ನು ತಿಂಗಳಿಗೊಮ್ಮೆ ಟ್ರಸ್ಟಿಗೆ ನಾನೇ ಕಳಿಸುತ್ತೇನೆ. ಅದರಲ್ಲಿ ಒಂಬತ್ತನೆಯದರ ಎದುರು ಸೊನ್ನೆ ಇದೆ. ಒಬ್ಬರೂ ಬಂದಿಲ್ಲ. ನೀನು ಸರಿಯಾದ ಲಿಂಕನ್ನೇ ಒತ್ತುತ್ತಿದ್ದೀಯಾ?

ಬಾಬಾಜಾನ


೩ ಮಾರ್ಚ್ ೨೦೨೫

ಬಾಬಾಜಾನ,

ಇನ್ನು ‘ಅವರಿಗೆ’ ಅನ್ನುವ ಶಕ್ತಿ ಇಲ್ಲ.

ಟ್ರಸ್ಟಿನಿಂದ ಒಂದು ಕಾಗದ ಬಂದಿದೆ. ‘ಒಂಬತ್ತನೇ ನಿಲುಗಡೆಯಿಂದ ಎರಡು ತಿಂಗಳಲ್ಲಿ ಒಬ್ಬರೂ ಪುಟ ಬಳಸದಿರುವುದು ಎಣಿಕೆಯಿಂದ ತಿಳಿದುಬಂದಿರುವುದರಿಂದ ಏಪ್ರಿಲ್ ಒಂದರಿಂದ ಸದರಿ ನಿಲುಗಡೆಯನ್ನು ರದ್ದುಪಡಿಸಲು ಉದ್ದೇಶಿಸಲಾಗಿದೆ. ಮಾರ್ಚ್ ೨೨ರ ಸಭೆಯಲ್ಲಿ ತೀರ್ಮಾನಿಸಲಾಗುವುದು.’ ಜೊತೆಗೆ ಎಣಿಕೆಯ ಹಾಳೆ. ಅದರ ಕೆಳಗೆ ನಿನ್ನ ಸಹಿ.

ಸರಿಯಾದ ಲಿಂಕು ಒತ್ತುತ್ತಿದ್ದೀಯಾ ಎಂದು ಕೇಳಿದೆಯಲ್ಲ. ಆ ಲಿಂಕನ್ನು ಮಾಡಿದವಳು ನಾನು.

ಪುಟ ಹಗುರ ಮಾಡಿದೆ ಅಂದೆ. ಇಲ್ಲಿ ಫೋನಿನ ಮೂಲೆಯಲ್ಲಿ ಅತಿ ನಿಧಾನದ ನೆಟ್‌ವರ್ಕಿನ ಗುರುತಾದ ‘ಇ’ ಎಂಬ ಒಂದಕ್ಷರ ಬರುತ್ತದೆ, ಹೋಗುತ್ತದೆ. ಅದು ಎರಡು ನಿಮಿಷ ಅಲುಗಾಡದೆ ನಿಂತರೆ ನಿನ್ನ ಒಂದು ಎಂಬಿ ಬಂದೀತು. ನಿಲ್ಲುವುದಿಲ್ಲ. ಅಂಬಿಕಾನಗರದ ಕಡೆಯ ದೊಡ್ಡ ವಿದ್ಯುತ್ ತಂತಿಗಳು ನಮ್ಮ ತಲೆಯ ಮೇಲೇ ಹಾದುಹೋಗುತ್ತವೆ, ಕೆಳಗೆ ಮಾತ್ರ ಏನೂ ಇಳಿಯುವುದಿಲ್ಲ.

ಫೆಬ್ರವರಿ ಕೊನೆಯಲ್ಲಿ ಆಯಿಗೆ ಉಸಿರು ಕಟ್ಟಿತು. ಮೂರು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ಡಾಕ್ಟರು ನನ್ನನ್ನೇ ಬೈದರು. “ಪಾಳಿ ತಪ್ಪಿಸಬ್ಯಾಡ್ರಿ ಅಂತ ಎಷ್ಟು ಸಲ ಹೇಳೂದು? ಇನ್ನೊಮ್ಮೆ ಹಿಂಗಾದ್ರ ನಮ್ಮ ಕೈಯಾಗಿಲ್ಲ.” ಏನು ಹೇಳಲಿ? ಮಗಳು ಒಂಬತ್ತು ವರ್ಷ ಕಂಪ್ಯೂಟರ್ ಕೆಲಸ ಮಾಡಿದವಳು, ತಾಯಿಗೆ ಒಂದು ಗುಂಡಿ ಒತ್ತಲು ಆಗಲಿಲ್ಲ ಅನ್ನಲೇ?

ನೀನು ಬರೆಯುವುದಿಲ್ಲ ಅಂದ ಮಾತನ್ನು ನಾನೇ ಬರೆಯುತ್ತೇನೆ. ಅಧ್ಯಕ್ಷರ ಎದುರು ನನ್ನ ಪುಟ ತೋರಿಸಿ, “ಈಕಿ ಬರಿಯೂದು ವೆಬ್‌ಸೈಟ್ ಅಲ್ಲ ಸರ್, ಪೋಸ್ಟ್ ಕಾರ್ಡು” ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮರುದಿನ ಬರಲಿಲ್ಲ.

ಪೋಸ್ಟ್ ಕಾರ್ಡು ಇಲ್ಲಿಗೆ ಬರುತ್ತದೆ, ಬಾಬಾಜಾನ.

ಸ್ಟೆಲ್ಲಾ


ದಾಂಡೇಲಿ
೭ ಮಾರ್ಚ್ ೨೦೨೫

ಸ್ಟೆಲ್ಲಾ,

ಈ ಪತ್ರದಲ್ಲಿ ಪ್ರಾಸ ಇಲ್ಲ. ಹುಡುಕಬೇಡ.

ನಿನ್ನ ಕಾಗದ ಬಂದ ದಿನವೇ ಸರ್ವರಿನ ದಾಖಲೆ ತೆರೆದು ಕೂತೆ. ಎಣಿಕೆಯ ಚಂದದ ಹಾಳೆಯಲ್ಲ. ಯಾವ ಫೋನು ಎಷ್ಟು ಗಂಟೆಗೆ ಏನು ಕೇಳಿತು ಎಂದು ಸರ್ವರು ತನ್ನಷ್ಟಕ್ಕೆ ಬರೆದಿಟ್ಟುಕೊಳ್ಳುವ ಹಸಿ ದಾಖಲೆ. ಯಾರೂ ಓದದ್ದು. ಎರಡು ತಿಂಗಳಿಂದ ನಾನೂ ಓದಿರಲಿಲ್ಲ.

ಜನವರಿ ೧೩, ಸೋಮವಾರ. ಒಂಬತ್ತನೇ ನಿಲುಗಡೆಯ ಲಿಂಕು. ೨:೫೧ಕ್ಕೆ ಪುಟ ಕೇಳಿದೆ. ಮೊದಲ ಸಣ್ಣ ಕಡತ ಹೋಗಿದೆ, ಎರಡನೆಯ ದೊಡ್ಡದು ಕಾಲು ಭಾಗ ಹೋಗಿ ತುಂಡಾಗಿದೆ. ೨:೫೩, ಮತ್ತೆ. ೨:೫೮. ೩:೦೪. ೩:೦೫. ೩:೧೧. ಹೀಗೆ ಮೂವತ್ತೊಂದು ಸಲ. ಒಂದು ಸಲ ಮುಕ್ಕಾಲು ಭಾಗದವರೆಗೆ ಬಂದಿತ್ತು, ೩:೪೦ಕ್ಕೆ. ಕೊನೆಯದು ೩:೫೯. ಆಮೇಲೆ ಇಲ್ಲ.

ಒಂದು ತಾಸು ಎಂಟು ನಿಮಿಷ ನೀನು ಆ ಬಂಡೆಯ ಮೇಲೆ ನಿಂತಿದ್ದೀಯ. ನನ್ನ ಹಾಳೆ ಅದಕ್ಕೆ ಸೊನ್ನೆ ಅಂದಿದೆ.

ಯಾಕೆ ಸೊನ್ನೆ ಎಂದರೆ, ಎಣಿಸುವ ಕೋಡನ್ನು ನಾನು ಆ ದೊಡ್ಡ ಕಡತದ ಬಾಲಕ್ಕೆ ಕಟ್ಟಿದ್ದೆ. ಪುಟ ಪೂರ್ತಿ ಬಂದವರು ಮಾತ್ರ ಅದಕ್ಕೆ ಕಾಣುತ್ತಾರೆ. ಬರದವರು ಅದರ ಮಟ್ಟಿಗೆ ಹುಟ್ಟಿಯೇ ಇಲ್ಲ. ದೂರು ಕೊಡುವ ಗುಂಡಿಯೂ ಅದೇ ಕಡತದೊಳಗಿದೆ. ಹೀಗಾಗಿ ಒಂದೂ ದೂರು ಬರಲಿಲ್ಲ ಎಂದು ಎರಡು ತಿಂಗಳು ನಾನು ಬೆನ್ನು ತಟ್ಟಿಕೊಂಡೆ. ಜನವರಿಯಿಂದ ಫೆಬ್ರವರಿ ಕೊನೆಯವರೆಗೆ ನಿನ್ನ ಲಿಂಕಿನಿಂದ ನಾನೂರ ಹನ್ನೆರಡು ಸಲ ಕೇಳಿದ್ದೀರಿ. ನಾನು ಒಂದೊಂದಾಗಿ ಎಣಿಸಿದೆ, ಯಂತ್ರಕ್ಕೆ ಕೊಡಲಿಲ್ಲ.

ಇಪ್ಪತ್ತೆರಡರ ಸಭೆಗೆ ಹೋಗುತ್ತೇನೆ. ನನ್ನ ಸಹಿ ನಾನೇ ಹೊಡೆದುಹಾಕಬೇಕು.

ರಂಜಾನಿನ ರೋಜಾ ನಡೆದಿದೆ. ಮಧ್ಯಾಹ್ನ ಗಂಟಲು ಒಣಗಿದಾಗ ಆಯಿಯ ಎರಡು ವಾಟಗ ನೆನಪಾಗುತ್ತದೆ. ಸಂಜೆಗೆ ನನಗೆ ಹೊಟ್ಟೆ ತುಂಬ ನೀರು ಸಿಗುತ್ತದೆ.

ಬಾಬಾಜಾನ


ದಾಂಡೇಲಿ
೨೩ ಮಾರ್ಚ್ ೨೦೨೫

ಸ್ಟೆಲ್ಲಾ,

ನಿನ್ನಿಂದ ಉತ್ತರ ಬರಲಿಲ್ಲ. ಬರಬೇಕೆಂದೇನೂ ಇರಲಿಲ್ಲ.

ನಿನ್ನೆ ಸಭೆ ಆಯಿತು. ಆರು ಮಂದಿ, ಐದು ಚಹಾ, ನನ್ನದು ರೋಜಾ. ಅಧ್ಯಕ್ಷರು ದೊಡ್ಡ ಪರದೆಯ ಮೇಲೆ ನದಿಯ ವಿಡಿಯೊ ಹಾಕಿಸಿಕೊಂಡು ಕೂತಿದ್ದರು. ಒಂಬತ್ತನೇ ನಿಲುಗಡೆಯ ವಿಷಯ ಬಂದಾಗ ಎದ್ದು ನಿಂತು, ನನ್ನ ಎಣಿಕೆ ತಪ್ಪು ಅಂದೆ.

“ಅಂದ್ರ ನೀವು ಕೊಟ್ಟ ರಿಪೋರ್ಟು ಸುಳ್ಳೇನ್ರಿ?”

“ಸುಳ್ಳಲ್ಲರೀ, ಕುರುಡು. ಬಾಗಲಾ ತಗದು ಒಳಗ ಬಂದವರನ್ನ ಅಷ್ಟ ಎಣಿಸೇತಿ. ಬಾಗಲಾ ಬಡದು ಬಡದು ಹೊಳ್ಳಿ ಹೋದವರನ್ನ ಎಣಿಸೇ ಇಲ್ಲ.”

“ನಮ್ಮ ಮೊಬೈಲಿನ್ಯಾಗ ಎಲ್ಲಾ ಚಲೋ ಬರ್ತೈತಲ್ರಿ ಮತ್ತ?”

ಜಗಳಾಡಲಿಲ್ಲ. ಒಂದು ಖಾಲಿ ಫೋನು ತಂದಿದ್ದೆ. ಅದರ ಸಿಗ್ನಲ್ಲನ್ನು ನಿನ್ನ ಊರಿನಷ್ಟಕ್ಕೆ ಇಳಿಸಿ, ಲಿಂಕು ಒತ್ತಿ, ಅಧ್ಯಕ್ಷರ ಕೈಗೆ ಕೊಟ್ಟೆ. “ಇದು ಬರೂತನಕ ನಾ ಒಂದಿಷ್ಟು ಓದತೇನ್ರಿ” ಎಂದು ಜನವರಿ ಹದಿಮೂರರ ದಾಖಲೆ ತೆಗೆದು ಓದತೊಡಗಿದೆ. ೨:೫೧. ೨:೫೩. ೨:೫೮. ಮೊದಮೊದಲು ಒಬ್ಬರು ಕೆಮ್ಮಿದರು, ಒಬ್ಬರು ಬಿಸ್ಕಿಟು ಮುರಿದರು. ಇಪ್ಪತ್ತರ ಹತ್ತಿರ ಬರುವಾಗ ಒಬ್ಬರು ಎದ್ದು ನದಿಯ ವಿಡಿಯೊ ನಿಲ್ಲಿಸಿದರು. ಅಧ್ಯಕ್ಷರ ಕೈಯಲ್ಲಿ ಇನ್ನೂ ಬಿಳಿ. ೩:೫೯ಕ್ಕೆ ಮುಗಿಸಿದೆ.

ಆಗ ಮೂಲೆಯಲ್ಲಿ ವರದಿ ಬರೆಯುತ್ತಿದ್ದ ಮಧುಮತಿ ತಲೆ ಎತ್ತಿದರು. “ಅವತ್ತು ನಾಕು ದಾಟಿ ಐದು ನಿಮಿಷಕ್ಕ ಆಕಿ ಫೋನ್ ಮಾಡಿದ್ರು ಸರ್. ಪೇಜಿನ್ಯಾಗಿಲ್ಲ ಅಂತ ನಾನ ಇಟ್ಟುಬಿಟ್ಟೆ.” ಅಷ್ಟು ಹೇಳಿ ಮತ್ತೆ ಬರೆಯುತ್ತ ಕೂತರು. ಪೆನ್ನು ಮಾತ್ರ ಓಡುತ್ತಿರಲಿಲ್ಲ.

ನಿಲುಗಡೆ ಉಳಿಯಿತು. ಇನ್ನು ಮೇಲೆ ಫೋನಿನಲ್ಲಿ ಹೇಳಿದರೂ ಬರೆದುಕೊಳ್ಳುತ್ತಾರೆ. ನದಿಯ ವಿಡಿಯೊ ಹೋಯಿತು. ನಾನೂ ಹೋದೆ: ಜೂನಿನಿಂದ ಟ್ರಸ್ಟಿನ ಕೆಲಸ ಬೇರೆಯವರಿಗೆ. ಸರಿಯಾದ ತೀರ್ಮಾನ, ನಾನಾದರೂ ಹಾಗೇ ಮಾಡುತ್ತಿದ್ದೆ.

ಹೊರಡುವ ಮೊದಲು, ಆವತ್ತು ನಕ್ಕವರಲ್ಲಿ ನಾಲ್ಕು ಮಂದಿ ಅಲ್ಲೇ ಇದ್ದರು, ಅವರ ಎದುರೇ ಹೇಳಿದೆ. “ಸ್ಟೆಲ್ಲಾ ಬರದ ಪುಟ ಸರಿ ಇತ್ತು. ಅದಕ್ಕ ನಾ ಅಂದ ಮಾತು ತಪ್ಪಿತ್ತು.” ಇದನ್ನು ನಿನಗೆ ಕ್ಷಮಾಪಣೆ ಎಂದು ಕಳಿಸುತ್ತಿಲ್ಲ, ವರದಿ ಎಂದು ಕಳಿಸುತ್ತಿದ್ದೇನೆ.

ಇವತ್ತು ಹಳೆಯ ಕಂಪ್ಯೂಟರಿನಿಂದ ನಿನ್ನ ಪುಟವನ್ನು ಹುಡುಕಿ ತೆಗೆದು ಇದ್ದ ಹಾಗೇ ಏರಿಸಿದೆ. ಏರಿಸುವಾಗ ಕಣ್ಣಿಗೆ ಬಿತ್ತು. ಪರದೆಯ ಮೇಲೆ ಯಾರಿಗೂ ಕಾಣದ ಹಾಗೆ ಕೋಡಿನ ನಡುವೆ ನೀನು ಒಂದು ಸಾಲು ಬರೆದಿಟ್ಟಿದ್ದೀಯ: ‘ಬಾಬಾಜಾನ, ದಯವಿಟ್ಟು ಇಲ್ಲಿ ಏನನ್ನೂ ಸೇರಿಸಬೇಡ.’ ಐದು ವರ್ಷದ ಹಿಂದಿನ ತಾರೀಖು.

ಸೇರಿಸಿಲ್ಲ. ನಾಳೆ ಸೋಮವಾರ. ನಾಲ್ಕರೊಳಗೆ ಒತ್ತು.

ಬಾಬಾಜಾನ


೨೬ ಮಾರ್ಚ್ ೨೦೨೫

ಬಾಬಾಜಾನ,

ನಿನ್ನ ಪತ್ರ ನಿನ್ನೆ ಜೀಪಿನಲ್ಲೇ ಸಿಕ್ಕಿತು. ಅಂದರೆ ಸೋಮವಾರ ಒತ್ತು ಎಂದು ನೀನು ಬರೆದದ್ದನ್ನು ಮಂಗಳವಾರ ಓದಿದೆ. ನಾನಾಗಲೇ ಒತ್ತಿದ್ದೆ. ದಿನಾ ಒತ್ತಿ ನೋಡುವುದು ರೂಢಿಯಾಗಿಬಿಟ್ಟಿದೆ.

ಬಂಡೆಯ ಮೇಲೆ ಆಯಿಯೂ ಜೊತೆಗಿದ್ದಳು. ಬೇಡವೆಂದರೂ ಕೇಳದೆ ಕೋಲೂರಿಕೊಂಡು ಹತ್ತಿದ್ದಳು. ಈ ಸಲ ಪರದೆ ಬೆಳ್ಳಗಾಗಲಿಲ್ಲ. ಕಪ್ಪು ಅಕ್ಷರ, ಒಂದು ಪಟ್ಟಿ, ಒಂದು ಗುಂಡಿ. “ಇಷ್ಟ ಏನ?” ಅಂದಳು. ಇಷ್ಟೇ ಅಂದೆ. “ಇಷ್ಟಕ್ಕ ಮೂರು ತಿಂಗಳು ಜೀವಾ ತಿಂದ್ರಲ್ಲ” ಎಂದು ತಾನೇ ಹೆಬ್ಬೆಟ್ಟಿನಿಂದ ಒತ್ತಿದಳು. ಏಳು ಹೆಸರಿನ ಪಟ್ಟಿಯಲ್ಲಿ ಆರನೆಯದು ಮಾರ್ಗರೀಟಾ ಎಂದು ಬಂತು. ನಾನು ಪುಟವನ್ನು ಮುಚ್ಚಿ, ಮತ್ತೆ ತೆರೆದು ನೋಡಿದೆ. ಇತ್ತು.

ಬೆಳಿಗ್ಗೆ ವೀರೇಶ ಕ್ರಾಸಿಗೆ ಜೀಪು ತಿರುಗಿಸಿಕೊಂಡು ಬಂದ. ಆಯಿಯನ್ನು ಮುಂದಿನ ಸೀಟಿಗೆ ಎತ್ತಿ ಕೂರಿಸಿದ. “ಆಯಿ, ಭಾಳ ದಿನಾ ಆತು” ಅಂದ. “ನನಗೇನಪಾ, ನಾ ಇಲ್ಲೇ ಇದ್ದೆ. ನೀವ ದಾರಿ ಮರತಿದ್ರಿ” ಅಂದಳು.

ಒಂದು ವಿಷಯ ಬರೆಯದಿದ್ದರೆ ಸುಳ್ಳಾಗುತ್ತದೆ. ತಪ್ಪಿದ ಪಾಳಿಗಳು ತಪ್ಪಿದವೇ. ಹೃದಯಕ್ಕೆ ಪೆಟ್ಟಾಗಿದೆ, ಇನ್ನು ಮ್ಯಾಲ ಜ್ವಾಕಿ ಎಂದು ಡಾಕ್ಟರು ಹೇಳಿದರು. ಬೈಯುವುದಕ್ಕಿಂತ ಮೆತ್ತಗೆ ಹೇಳಿದ್ದರಿಂದ ಹೆಚ್ಚು ಹೆದರಿಕೆಯಾಯಿತು. ಇದಕ್ಕೆ ನೀನೊಬ್ಬನೇ ಕಾರಣ ಎಂದು ನಾನು ಬರೆಯುವುದಿಲ್ಲ. ಅಲ್ಲ ಎಂದೂ ಬರೆಯುವುದಿಲ್ಲ. ಜೂನಿನಿಂದ ಈ ಪುಟವನ್ನು ನೋಡಿಕೊಳ್ಳುತ್ತೀರಾ ಎಂದು ಮಧುಮತಿಯವರು ನನ್ನನ್ನು ಕೇಳಿದ್ದಾರೆ. ಹೂಂ ಅಂದಿದ್ದೇನೆ.

ನಿನ್ನ ಪತ್ರಗಳನ್ನೆಲ್ಲ ಆಯಿಗೆ ಓದಿ ಹೇಳಿದೆ, ಮೊದಲಿನಿಂದ. ಪೂರ್ತಿ ಕೇಳಿಸಿಕೊಂಡು ಹೀಗೆ ಬರೆ ಅಂದಳು, ಬರೆಯುತ್ತಿದ್ದೇನೆ:

“ಅವಂಗ ಹೇಳು. ಶುಕ್ರವಾರ ನನ್ನ ಪಾಳಿ ಮಧ್ಯಾಹ್ನಕ್ಕ ಐತಿ. ಜುಮ್ಮಾ ನಮಾಜು ಮುಗಿಸಿಕೊಂಡು ದವಾಖಾನಿಗೆ ಬರಲಿ. ಅವಂಗ ರೋಜಾ, ನೀರಿಲ್ಲ. ನನಗೂ ನೀರಿಲ್ಲ. ಇಬ್ಬರೂ ಸಮಾ ಆದ್ವಿ. ನಾಕು ತಾಸು ಸೂಜಿ ಚುಚ್ಚಿ ಮಲಗಿಸಿರ್ತಾರ, ಅವ ಎಷ್ಟು ಪ್ರಾಸಾ ಹೊಡದ್ರೂ ನಾ ಎದ್ದು ಓಡೂ ಹಂಗಿಲ್ಲ. ಬಾ ಅನ್ನು.”

ಅಂದಿದ್ದೇನೆ. ಮಂಚದ ಪಕ್ಕದಲ್ಲಿ ಒಂದೇ ಕುರ್ಚಿ ಹಾಕಿರುತ್ತಾರೆ, ಅದು ನನ್ನದು. ನಿನ್ನದನ್ನು ಅಂಗಡಿಯಿಂದ ತಂದುಕೋ.

ಸ್ಟೆಲ್ಲಾ